ಬಯಲಲ್ಲಿ ಕರೆಂಟಿನ ಚಾಫ್ ಕಟರ್: ನಾನು ತಡವಾಗಿ ಕಲಿತ ಪಾಠ

2018ರ ಶ್ರಾವಣದಲ್ಲಿ ನಮ್ಮ ಹಿತ್ತಲಲ್ಲಿ ಒಂದು ಹಸು ಸತ್ತಿತು. ಎರಡನೇ ಸೂಲಿನ ಹಸು, ಹೊತ್ತಿಗೆ ನಾಲ್ಕು ಲೀಟರ್ ಹಾಲು ಕೊಡುತ್ತಿತ್ತು. ರೋಗ ಬಂದು ಸಾಯಲಿಲ್ಲ, ಹುಳ ಮುಟ್ಟಿ ಸಾಯಲಿಲ್ಲ. ಮೇವು ಕತ್ತರಿಸುವ ಮಷೀನಿನ ಕಬ್ಬಿಣದ ಕಾಲಿಗೆ ಅದರ ಸರಪಳಿ ಸಿಕ್ಕಿಸಿ, ಸೊಪ್ಪೆ ಕತ್ತರಿಸಲು ಸ್ವಿಚ್ಚು ಹಾಕಿದೆ. ರಾತ್ರಿಯೆಲ್ಲ ಜಿಟಿಜಿಟಿ ಮಳೆ ಬಂದು ನೆಲ ಗಂಜಲ ಕೆಸರಾಗಿತ್ತು. ಹಸು ಒಂದು ಸಲ ಮೈ ಸೆಟೆಸಿ ಬಿದ್ದದ್ದು ಏಳಲೇ ಇಲ್ಲ. ನಾನು ಓಡಿ ಸ್ವಿಚ್ಚು ತೆಗೆಯುವಷ್ಟರಲ್ಲಿ ಮುಗಿದಿತ್ತು.

ಇದಕ್ಕೆ ಎಂಟು ದಿನ ಮೊದಲೇ ನಮ್ಮನೆಯಾಕೆ ಹೇಳಿದ್ದಳು: "ಮಷೀನು ಮುಟ್ಟಿದ್ರೆ ಜುಮ್ ಅಂತೈತೆ ಕಣ್ರಿ." ನಾನು ಹೋಗಿ ಮುಟ್ಟಿದೆ. ಕಾಲಲ್ಲಿ ರಬ್ಬರ್ ಚಪ್ಪಲಿ, ನೆಲ ಒಣಗಿತ್ತು, ನನಗೇನೂ ಆಗಲಿಲ್ಲ. "ಮೋಟರ್ ಅಂದ್ಮೇಲೆ ಒಂಚೂರು ಇರ್ತೈತೆ, ಚಪ್ಪಲಿ ಹಾಕ್ಕೊ" ಅಂದುಬಿಟ್ಟೆ. ಆ ಎಂಟು ದಿನದಲ್ಲಿ ಯಾವತ್ತಾದರೂ ಮಳೆ ಬಂದಿದ್ದರೆ ಬಿದ್ದವರು ಯಾರಾಗಿರುತ್ತಿದ್ದರು ಅಂತ ಯೋಚಿಸಿದರೆ ಈಗಲೂ ರಾತ್ರಿ ನಿದ್ದೆ ಹಾರುತ್ತದೆ. ಆಮೇಲೆ ಒಬ್ಬ ಎಲೆಕ್ಟ್ರಿಷಿಯನ್ ಹುಡುಗನಿಂದ ಕೇಳಿ, ನೋಡಿ, ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಬಯಲುಸೀಮೆ ಕಡೆ ಈಗ ಮನೆಗೊಂದು ಚಾಫ್ ಕಟರ್ ಬಂದಿದೆ. ಎಷ್ಟು ಮನೆಗಳಲ್ಲಿ ಅದು ಸರಿಯಾಗಿ ಕೂತಿದೆ ಎಂಬುದನ್ನು ಓದುಗರೇ ತಮ್ಮ ಹಿತ್ತಲಿಗೆ ಹೋಗಿ ನೋಡಿಕೊಳ್ಳಬೇಕು.

ಮನೆಯೊಳಗಿಗೂ ಬಯಲಿಗೂ ವ್ಯತ್ಯಾಸ

ಮನೆಯೊಳಗೆ ಮಿಕ್ಸಿ ಮುಟ್ಟುವಾಗ ನಾವು ಒಣ ನೆಲದ ಮೇಲೆ ಇರುತ್ತೇವೆ. ಬಯಲಲ್ಲಿ ನಿಲ್ಲುವುದು ಮಣ್ಣಿನ ಮೇಲೆ, ಅದರಲ್ಲೂ ಕೊಟ್ಟಿಗೆ ಪಕ್ಕದ ಮಣ್ಣು ಎಂದರೆ ಗಂಜಲ ಕುಡಿದ ಮಣ್ಣು. ಗಂಜಲದಲ್ಲಿ ಉಪ್ಪಿನಂಶ ಇರುವುದರಿಂದ ಅದು ನೀರಿಗಿಂತ ಚೆನ್ನಾಗಿ ಕರೆಂಟು ಹರಿಸುತ್ತದೆ. ಮೋಟರಿನ ಒಳಗೆ ತಂತಿಯ ಮೇಲಿನ ವಾರ್ನಿಷ್ ಎಲ್ಲಾದರೂ ಸವೆದಿದ್ದರೆ, ಒಳಗೆ ತೇವ ಸೇರಿದ್ದರೆ, ವೈರಿನ ಸಿಪ್ಪೆ ಹೋಗಿ ಕಬ್ಬಿಣಕ್ಕೆ ತಾಗಿದ್ದರೆ, ಮಷೀನಿನ ಮೈಗೆಲ್ಲ ಕರೆಂಟು ಬರುತ್ತದೆ. ಅದು ಮಣ್ಣಿಗೆ ಇಳಿಯಲು ದಾರಿ ಕಾಯುತ್ತಿರುತ್ತದೆ. ಮುಟ್ಟಿದವರೇ ದಾರಿ.

ದನಗಳಿಗೆ ಇದು ಇನ್ನೂ ಕೆಟ್ಟದ್ದು. ಅವಕ್ಕೆ ಚಪ್ಪಲಿ ಇಲ್ಲ. ಮುಂಗಾಲಿಗೂ ಹಿಂಗಾಲಿಗೂ ನಡುವೆ ನಾಲ್ಕೈದು ಅಡಿ ದೂರ, ಮಧ್ಯದಲ್ಲಿ ಗುಂಡಿಗೆ. ಮನುಷ್ಯನಿಗೆ ಬರೀ ಜುಮ್ ಅನ್ನಿಸುವ ಕಡೆ ದನ ಸಾಯಬಹುದು. ಮಳೆಗಾಲದಲ್ಲಿ ಲೈಟುಕಂಬದ ಬುಡದಲ್ಲಿ ದನ ಸತ್ತ ಸುದ್ದಿ ನೀವೂ ಕೇಳಿರುತ್ತೀರಿ. ಹಾಗಾಗಿ ಮೊದಲ ಮಾತು: ಮಷೀನಿಗೆ, ಸ್ಟಾರ್ಟರ್ ನಿಲ್ಲಿಸಿದ ಕಬ್ಬಿಣದ ಕೋನಕ್ಕೆ, ವೈರ್ ಹೋಗಿರುವ ಪೈಪಿಗೆ ಯಾವ ದನವನ್ನೂ ಒಂದು ನಿಮಿಷಕ್ಕೂ ಕಟ್ಟಬೇಡಿ. ಬಟ್ಟೆ ಒಣಗಿಸುವ ತಂತಿಯನ್ನೂ ಅದಕ್ಕೆ ಕಟ್ಟಬೇಡಿ.

ಫ್ಯೂಸು ಯಾರನ್ನು ಕಾಯುತ್ತದೆ?

ಹಸು ಸತ್ತ ದಿನ ನನಗೆ ಅರ್ಥವಾಗದೇ ಇದ್ದದ್ದು ಇದು: ಫ್ಯೂಸು ಏಕೆ ಹೋಗಲಿಲ್ಲ? ಆ ಹುಡುಗನನ್ನು ಕೇಳಿದೆ. ಅವನು ನಕ್ಕು, "ಯಜಮಾನ್ರೆ, ಫ್ಯೂಸು ಇರೋದು ವೈರ್ ಸುಡದೇ ಇರ್ಲಿ ಅಂತ. ನಿಮ್ಮನ್ನ ಕಾಯೋಕಲ್ಲ" ಅಂದ. ಐವತ್ತು ದಾಟಿದ ಮೇಲೆ ಕೇಳಿದ ಮಾತು ಅದು. ಅಲ್ಲಿಯವರೆಗೆ ಫ್ಯೂಸು ಇದ್ದರೆ ಭಯವಿಲ್ಲ ಅಂತಲೇ ನಾನು ತಿಳಿದಿದ್ದೆ.

ಲೆಕ್ಕ ಸುಲಭ. ನಮ್ಮದು ಎರಡು ಎಚ್‌ಪಿ ಸಿಂಗಲ್ ಫೇಸ್ ಮೋಟರು, ಪೂರ್ತಿ ಕೆಲಸ ಮಾಡುವಾಗ ಸುಮಾರು 10 ಆಂಪ್ ಎಳೆಯುತ್ತದೆ. ಅದಕ್ಕೆ 16 ಆಂಪಿನ ಫ್ಯೂಸು ಅಥವಾ ಎಂಸಿಬಿ ಹಾಕಿರುತ್ತಾರೆ. ಒಂದು ಆಂಪ್ ಎಂದರೆ ಸಾವಿರ ಮಿಲಿಆಂಪ್. ಮನುಷ್ಯನ ಮೈಯಲ್ಲಿ ಹತ್ತು ಹದಿನೈದು ಮಿಲಿಆಂಪ್ ಹರಿದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಮೂವತ್ತು ಮಿಲಿಆಂಪಿನಿಂದ ಮೇಲೆ ಹರಿಯುತ್ತಲೇ ಇದ್ದರೆ ಉಸಿರಿಗೆ, ಗುಂಡಿಗೆಗೆ ಅಪಾಯ. ಹದಿನಾರು ಸಾವಿರ ಮಿಲಿಆಂಪ್ ದಾಟುವವರೆಗೆ ಸುಮ್ಮನಿರುವ ಫ್ಯೂಸಿಗೆ ನಮ್ಮ ಮೂವತ್ತು ಹೇಗೆ ಗೊತ್ತಾಗಬೇಕು? ಎಂಸಿಬಿಯೂ ಅಷ್ಟೇ. ಅದು ಫ್ಯೂಸಿನ ತಮ್ಮ.

ಅರ್ಥಿಂಗ್: ಇದ್ದೂ ಇಲ್ಲದಂತೆ

ನನ್ನ ಮಷೀನಿಗೆ ಅರ್ಥಿಂಗ್ ಇರಲೇ ಇಲ್ಲ. ಬಲ್ಬಿಗೆ ಎಳೆಯುವ ಎರಡೆಳೆ ವೈರನ್ನು ಮೂರು ಪಿನ್ನಿನ ಪ್ಲಗ್ಗಿಗೆ ಕೂಡಿಸಿದ್ದೆ. ಮೇಲಿನ ದಪ್ಪ ಪಿನ್ನು ಖಾಲಿ. ಆ ದಪ್ಪ ಪಿನ್ನೇ ಅರ್ಥಿಂಗ್ ಪಿನ್ನು. ಅದು ಉಳಿದೆರಡಕ್ಕಿಂತ ಉದ್ದ ಇರುವುದು ಅಂದಕ್ಕಲ್ಲ. ಚುಚ್ಚುವಾಗ ಅದು ಮೊದಲು ಕೂಡಬೇಕು, ಕೀಳುವಾಗ ಕೊನೆಗೆ ಬಿಡಬೇಕು ಅಂತ. ಕೆಲವರು ಎರಡು ತೂತಿನ ಬೋರ್ಡಿಗೆ ಹೊಂದಲಿ ಎಂದು ಆ ಪಿನ್ನನ್ನೇ ಗರಗಸದಲ್ಲಿ ಕೊಯ್ದಿರುತ್ತಾರೆ. ಅಂಥ ಪ್ಲಗ್ಗು ಮನೆಯಲ್ಲಿದ್ದರೆ ಎಸೆಯಿರಿ.

ಹಸು ಹೋದ ಮೇಲೆ ಮೂರೆಳೆ ವೈರ್ ತಂದು, ಮನೆ ಕಟ್ಟಿದಾಗ ಹಾಕಿದ್ದ ಹಳೇ ಅರ್ಥಿಂಗಿಗೆ ಕೂಡಿಸಿದೆವು. ನಾನು ಹಳೇ ಪದ್ಧತಿಯಂತೆ ಬಲ್ಬು ಹಚ್ಚಿ ನೋಡು ಅಂದೆ. ಫೇಸಿಗೂ ಅರ್ಥಿಂಗಿಗೂ ನಡುವೆ ನೂರು ಕ್ಯಾಂಡಲ್ ಬಲ್ಬು ಹಚ್ಚಿದರೆ ಚೆನ್ನಾಗಿ ಉರಿಯಿತು. ನನಗೆ ಸಮಾಧಾನ. ಅವನಿಗೆ ಸಮಾಧಾನ ಇಲ್ಲ. "ಇದಕ್ಕೆ ಅರ್ಧ ಆಂಪ್ ಕೂಡ ಬೇಡ. ವೈರ್ ತುಂಡಾಗಿಲ್ಲ ಅಂತ ಗೊತ್ತಾಯ್ತು, ಅಷ್ಟೇ" ಎಂದು ಮರುವಾರ ಅರ್ಥಿಂಗ್ ಅಳೆಯುವ ಮೀಟರು ತಂದ. 64 ಓಮ್ ತೋರಿಸಿತು.

ಓಮ್ ಎಂದರೆ ಕರೆಂಟಿನ ದಾರಿಯಲ್ಲಿರುವ ಅಡ್ಡಿ. ಅಡ್ಡಿ ಕಡಿಮೆ ಇದ್ದಷ್ಟೂ ಒಳ್ಳೆಯದು. ನಾನು ಓದಿದ್ದು ಏಳನೇ ಕ್ಲಾಸು, ಆದರೆ ಈ ಭಾಗಾಕಾರಕ್ಕೆ ಅಷ್ಟು ಸಾಕು. 230 ವೋಲ್ಟನ್ನು 64 ಓಮಿನಿಂದ ಭಾಗಿಸಿದರೆ ಮೂರೂವರೆ ಆಂಪಿನ ಮೇಲೆ ಚೂರು. ಅಂದರೆ ಮಷೀನಿನ ಮೈಗೆ ಪೂರ್ತಿ ಫೇಸ್ ತಾಗಿದರೂ ಮಣ್ಣಿಗೆ ಇಳಿಯುವುದು ಮೂರೂವರೆ ಆಂಪ್. 16 ಆಂಪಿನ ಫ್ಯೂಸು ಬೆಚ್ಚಗೂ ಆಗುವುದಿಲ್ಲ. ಮಷೀನಿನ ಮೈ ದಿನವಿಡೀ ಕರೆಂಟು ಹೊತ್ತುಕೊಂಡೇ ನಿಂತಿರುತ್ತದೆ. ಅರ್ಥಿಂಗ್ ಇದೆ, ಬಲ್ಬು ಉರಿಯುತ್ತದೆ, ಫ್ಯೂಸು ಇದೆ, ಆದರೂ ಮುಟ್ಟಿದವನು ಸಾಯುತ್ತಾನೆ.

ಇದು ಒಣಭೂಮಿಯವರು ವಿಶೇಷವಾಗಿ ತಿಳಿಯಬೇಕಾದ ಸಂಗತಿ. ಮಣ್ಣು ಒಣಗಿದಷ್ಟೂ ಅರ್ಥಿಂಗಿನ ಅಡ್ಡಿ ಏರುತ್ತದೆ. ಕೆಂಪು ಗರಸು ಮಣ್ಣಿನಲ್ಲಿ ಹೆಚ್ಚು. ಎರೆ ಮಣ್ಣು ತೇವ ಇರುವಾಗ ಒಳ್ಳೆಯದು, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿದಾಗ ಅದೂ ಕೈಬಿಡುತ್ತದೆ. ಮಳೆಗಾಲದಲ್ಲಿ ಅಳೆದು "ಪರವಾಗಿಲ್ಲ" ಅಂದ ಅರ್ಥಿಂಗು ಏಪ್ರಿಲ್‌ನಲ್ಲಿ ಬೇರೆಯೇ ಲೆಕ್ಕ ಹೇಳುತ್ತದೆ. ನಾವು ಕಟ್ಟಿಟ್ಟ ಒಣಮೇವನ್ನು ಹೆಚ್ಚು ಕತ್ತರಿಸುವುದೂ ಆಗಲೇ. ಇನ್ನೊಂದು, ನಮ್ಮ ಪೈಪಿನಿಂದ ಮಣ್ಣಿಗೆ ಇಳಿದ ಕರೆಂಟು ಟ್ರಾನ್ಸ್‌ಫಾರ್ಮರ್ ಬುಡದ ಅರ್ಥಿಂಗಿನ ಮೂಲಕ ವಾಪಸು ಹೋಗಬೇಕು. ಅದೂ ಒಣಗಿದ್ದರೆ ಅಡ್ಡಿ ಇನ್ನೂ ಹೆಚ್ಚು. ಅದು ನಮ್ಮ ಕೈಯಲ್ಲಿಲ್ಲ.

ಹೊಸ ಗುಂಡಿ ತೆಗೆದದ್ದು

ಹೊಸ ಅರ್ಥಿಂಗಿಗೆ ಒಂದೂವರೆ ಇಂಚಿನ ಜಿಐ ಪೈಪು, ಎಂಟೂಕಾಲು ಅಡಿ ಉದ್ದ, ಅಂದರೆ ಎರಡೂವರೆ ಮೀಟರು ತಂದೆವು. ಮೈತುಂಬ ತೂತು ಕೊರೆಸಿದೆವು. ಮನೆಯ ಬುನಾದಿಯಿಂದ ಐದಾರು ಅಡಿ ದೂರ, ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡಿದೆವು. ದನ ನಿಲ್ಲುವ ಜಾಗದಿಂದ ದೂರ ಇರಬೇಕು, ಇದನ್ನು ಮರೆಯಬೇಡಿ. ಕರೆಂಟು ಮಣ್ಣಿಗೆ ಇಳಿಯುವ ಹೊತ್ತಿನಲ್ಲಿ ಪೈಪಿನ ಸುತ್ತಲ ನೆಲದಲ್ಲೂ ವೋಲ್ಟು ಇರುತ್ತದೆ. ಮೊದಲೇ ಹೇಳಿದೆನಲ್ಲ, ದನದ ಮುಂಗಾಲು ಹಿಂಗಾಲಿನ ಕಥೆ.

ಪೈಪಿನ ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಹೀಗೆ ತುಂಬುವುದು ಹಳೇ ಕ್ರಮ. ಉಪ್ಪು ಪೈಪನ್ನು ನಿಧಾನವಾಗಿ ತಿನ್ನುತ್ತದೆ, ಹತ್ತಾರು ವರ್ಷದಲ್ಲಿ ಪೈಪೇ ಇರುವುದಿಲ್ಲ. ಈಗ ಬೆಂಟೊನೈಟ್ ಎಂಬ ಜೇಡಿಯಂಥ ಪುಡಿ ಸಿಗುತ್ತದೆ, ತೇವ ಹಿಡಿದಿಡುತ್ತದೆ, ಪೈಪು ತಿನ್ನುವುದಿಲ್ಲ. ನಾನು ಇದ್ದಿಲು ಉಪ್ಪನ್ನೇ ಹಾಕಿದೆ, ಮನೆಯಲ್ಲಿ ಇದ್ದಿಲಿತ್ತು ಅಂತ. ಈಗ ಮಾಡುವುದಾದರೆ ಪುಡಿ ಹಾಕುತ್ತಿದ್ದೆ. ಪೈಪಿನ ಬಾಯಿಗೆ ಜಾಲರಿ ಇಟ್ಟು ಆಲಿಕೆ ಕೂರಿಸಿ, ಸುತ್ತ ಇಟ್ಟಿಗೆ ಕಟ್ಟಿ ಮುಚ್ಚಳ ಹಾಕಿದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಮೂರ್ನಾಲ್ಕು ಬಿಂದಿಗೆ ಬಳಸಿದ ನೀರು ಹಾಕುತ್ತೇವೆ. ಕೆಳಗೆ ಬಂಡೆ ಸಿಕ್ಕಿ ಅಷ್ಟು ಆಳ ಹೋಗದಿದ್ದರೆ ಎರಡು ಪೈಪು ಹುಗಿದು ಮೇಲೆ ಒಂದಕ್ಕೊಂದು ಕೂಡಿಸಬೇಕು, ಅವುಗಳ ನಡುವೆ ಕಡಿಮೆ ಎಂದರೂ ಪೈಪಿನ ಉದ್ದದಷ್ಟು ಅಂತರ ಇರಬೇಕು.

ಅಳೆದಾಗ 64 ಇದ್ದದ್ದು 9ಕ್ಕೆ ಇಳಿಯಿತು. ನಾನು ಹಿಗ್ಗಿದೆ. ಹುಡುಗ ಮತ್ತೆ ಭಾಗಾಕಾರ ಮಾಡು ಅಂದ. 230 ಭಾಗಿಸು 9, ಇಪ್ಪತ್ತೈದು ಆಂಪ್. 16 ಆಂಪಿನ ಎಂಸಿಬಿ ಇಪ್ಪತ್ತೈದು ಆಂಪಿಗೆ ಬೀಳುತ್ತದೆ, ಆದರೆ ತಕ್ಷಣ ಅಲ್ಲ, ನಿಮಿಷಗಟ್ಟಲೆ ತಡೆದು. ಜೀವ ಹೋಗಲು ಅಷ್ಟು ಹೊತ್ತು ಬೇಕಿಲ್ಲ. ಒಳ್ಳೇ ಅರ್ಥಿಂಗ್ ಒಂದೇ ಇದ್ದರೂ ಸಾಲದು ಎಂಬುದು ಅಲ್ಲಿಗೆ ನನ್ನ ತಲೆಗೆ ಹೋಯಿತು.

ಆರ್‌ಸಿಸಿಬಿ ಎಂಬ ಕಾವಲುಗಾರ

ಇದು ನೋಡಲು ಎಂಸಿಬಿಯಂತೆಯೇ, ಸ್ವಲ್ಪ ಅಗಲ, ಮೇಲೊಂದು ಸಣ್ಣ ಗುಂಡಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸು ಬಂತೇ ಅಂತ ಲೆಕ್ಕ ಇಡುವುದು ಇದರ ಕೆಲಸ. ಹತ್ತು ಆಂಪ್ ಹೋಗಿ ಹತ್ತೂ ಬಂದರೆ ಸುಮ್ಮನಿರುತ್ತದೆ. ಬರುವುದರಲ್ಲಿ ಮೂವತ್ತು ಮಿಲಿಆಂಪ್ ಕಡಿಮೆಯಾದರೆ, ಅದು ಎಲ್ಲೋ ಮಣ್ಣಿಗೆ ಸೋರುತ್ತಿದೆ ಅಂತ ತಿಳಿದು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಎರಡೂ ತಂತಿ ಕಡಿದುಬಿಡುತ್ತದೆ. ಅರ್ಥಿಂಗು 64 ಓಮೇ ಇದ್ದರೂ ಇದು ಬೀಳುತ್ತದೆ. ಆ ಲೆಕ್ಕದಲ್ಲಿ ಮಷೀನಿನ ಮೈಮೇಲೆ ಎರಡು ವೋಲ್ಟು ಕೂಡುವಷ್ಟರಲ್ಲಿ ಕಡಿದಿರುತ್ತದೆ.

ಹಾಗಿದ್ದರೆ ಅರ್ಥಿಂಗ್ ಏಕೆ, ಇದೊಂದೇ ಸಾಲದೇ ಅಂತ ನಾನೂ ಕೇಳಿದೆ. ಅರ್ಥಿಂಗ್ ಇದ್ದರೆ ಮಷೀನಿನ ಮೈಗೆ ಕರೆಂಟು ಬಂದ ಗಳಿಗೆಯೇ ಅದು ಮಣ್ಣಿಗೆ ಹರಿದು ಕಾವಲುಗಾರ ಬೀಳುತ್ತಾನೆ, ಯಾರೂ ಮುಟ್ಟಬೇಕಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಯಾರಾದರೂ ಮುಟ್ಟಿ ಅವರ ಮೈಯಲ್ಲಿ ಹರಿದ ಮೇಲೆ ಬೀಳುತ್ತಾನೆ. ನಿಮ್ಮ ಹೆಂಡತಿ ಮಕ್ಕಳ ಮೈಯನ್ನು ಅಳತೆಗೋಲು ಮಾಡಬೇಕೇ? ಎರಡೂ ಬೇಕು.

ಅಂಗಡಿಯಲ್ಲಿ ಕೇಳುವಾಗ 30 ಮಿಲಿಆಂಪಿನದೇ ಕೊಡಿ ಅನ್ನಬೇಕು. ಕೆಲವದರ ಮೇಲೆ 0.03 ಎ ಅಂತ ಬರೆದಿರುತ್ತದೆ, ಎರಡೂ ಒಂದೇ. 100, 300 ಮಿಲಿಆಂಪಿನವೂ ಇವೆ. 300ರದ್ದು ಬೆಂಕಿ ತಡೆಯಲು, ಜೀವ ಉಳಿಸಲು ಅಲ್ಲ. ಎರಡು ಎಚ್‌ಪಿ ಸಿಂಗಲ್ ಫೇಸಿಗೆ 25 ಆಂಪಿನ ಎರಡು ಪೋಲಿನದು ಸಾಕು. ಇದು ಹೆಚ್ಚಿನ ಲೋಡನ್ನು ತಡೆಯುವುದಿಲ್ಲ, ಆದ್ದರಿಂದ ಎಂಸಿಬಿಯೂ ಜೊತೆಗೆ ಇರಬೇಕು. ಒಂದು ಕುರಿಮರಿಯ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ನನಗೆ ಒಂದು ಹಸುವಿನ ಬೆಲೆ ಬಿತ್ತು.

ಮೇಲಿನ ಸಣ್ಣ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕು. ಕರೆಂಟು ಇರುವಾಗ ಒತ್ತಿದರೆ ಟಕ್ ಅಂತ ಬೀಳಬೇಕು. ಬೀಳದಿದ್ದರೆ ಅದು ಸತ್ತಿದೆ, ಬದಲಿಸಿ. ನಾನು ಅಮಾವಾಸ್ಯೆ ದಿನ ಒತ್ತುತ್ತೇನೆ, ನೆನಪಿರುತ್ತದೆ ಅಂತ. ಈ ಗುಂಡಿ ಕಾವಲುಗಾರನನ್ನು ಮಾತ್ರ ಪರೀಕ್ಷೆ ಮಾಡುತ್ತದೆ, ಅರ್ಥಿಂಗನ್ನಲ್ಲ. ಹಾಗೆಯೇ ಒಂದು ಕೈಯಲ್ಲಿ ಫೇಸು ಇನ್ನೊಂದರಲ್ಲಿ ನ್ಯೂಟ್ರಲು ಹಿಡಿದವನನ್ನು ಇದು ಕಾಯಲಾರದು, ಹೋದದ್ದು ಬಂದದ್ದು ಸಮ ಇರುತ್ತದಲ್ಲ.

ಪದೇ ಪದೇ ಬೀಳುತ್ತದೆ ಎಂದು ಬೇಸತ್ತು ಇದನ್ನು ಬಿಟ್ಟು ನೇರ ವೈರ್ ಕೊಟ್ಟುಕೊಂಡವರನ್ನು ನೋಡಿದ್ದೇನೆ. ನಾಯಿ ಬೊಗಳುತ್ತದೆ ಅಂತ ನಾಯಿಯನ್ನು ಅಟ್ಟಿದ ಹಾಗೆ. ನಮ್ಮಲ್ಲೂ ಮೊದಲ ಮಳೆಗೆ ಮೂರು ಸಲ ಬಿತ್ತು. ಹುಡುಕಿದರೆ ಕಂಬದ ಹತ್ತಿರ ಟೇಪು ಸುತ್ತಿದ ಜಾಯಿಂಟಿಗೆ ನೀರು ಇಳಿದಿತ್ತು.

ಮಾಡಬಾರದ ಎರಡು ಕೆಲಸ

ಒಂದು, ಬೋರ್ಡಿನೊಳಗೆ ನ್ಯೂಟ್ರಲಿನಿಂದ ಒಂದು ತುಂಡು ವೈರ್ ತೆಗೆದು ಅರ್ಥಿಂಗ್ ಪಿನ್ನಿಗೆ ಕೊಡುವುದು. ಗುಂಡಿ ತೋಡುವ ಕೆಲಸ ಉಳಿಯಿತು ಅಂತ ಕೆಲವರು ಮಾಡುತ್ತಾರೆ. ಎಲ್ಲೋ ಕಂಬದಲ್ಲಿ ನ್ಯೂಟ್ರಲ್ ತಂತಿ ಬಿಟ್ಟುಹೋದ ದಿನ ಸ್ವಿಚ್ಚು ಹಾಕಿದ ಕೂಡಲೇ ಫೇಸು ಮೋಟರಿನ ಮೂಲಕ ಬಂದು ಮಷೀನಿನ ಮೈಯಲ್ಲೇ ಕೂರುತ್ತದೆ. ಮೋಟರು ತಿರುಗುವುದಿಲ್ಲ, ಏನಾಯಿತು ಅಂತ ಹೋಗಿ ಮುಟ್ಟುತ್ತೀರಿ.

ಎರಡು, ನ್ಯೂಟ್ರಲ್ ಸಿಗದ ದಿನ ಫೇಸು ಒಂದನ್ನು ಲೈನಿನಿಂದ, ಇನ್ನೊಂದು ಎಳೆಯನ್ನು ಅರ್ಥಿಂಗ್ ಗುಂಡಿಯಿಂದ ತಂದು ಮೋಟರು ಓಡಿಸುವುದು. ಆಗ ಆ ಗುಂಡಿಯ ಸುತ್ತಲ ನೆಲವೇ ಕರೆಂಟು ಆಗುತ್ತದೆ. ಒದ್ದೆ ನೆಲದಲ್ಲಿ ಮಕ್ಕಳು, ಕುರಿ, ಕೋಳಿ ಓಡಾಡುತ್ತಿರುತ್ತವೆ. ಇದು ಕಾಯಿದೆಗೂ ವಿರುದ್ಧ. ನ್ಯೂಟ್ರಲ್ ಹೋಗಿದ್ದರೆ 1912ಕ್ಕೆ ಫೋನ್ ಮಾಡಿ ಕಾಯುವುದೇ ಸರಿ. ಒಂದು ಹೊತ್ತು ದನಗಳಿಗೆ ಉದ್ದ ಸೊಪ್ಪೆಯನ್ನೇ ಹಾಕಿದರೆ ಅವೇನೂ ಮುನಿಸಿಕೊಳ್ಳುವುದಿಲ್ಲ.

ವೈರು

ಮನೆಯಿಂದ ಮಷೀನಿಗೆ ನಮ್ಮದು ಮೂವತ್ತು ಮೀಟರ್. ಮೊದಲಿದ್ದದ್ದು ಒಂದು ಚದರ ಮಿಲಿಮೀಟರಿನ ಬಡಕಲು ವೈರ್. ಮೋಟರು ಹೊರಡುವ ಗಳಿಗೆಯಲ್ಲಿ ಮಾಮೂಲಿನ ನಾಲ್ಕೈದು ಪಟ್ಟು ಎಳೆಯುತ್ತದೆ, ಐವತ್ತು ಆಂಪ್ ಅನ್ನಿ. ಆ ವೈರಿನಲ್ಲಿ ಹೋಗಿಬರುವ ಅರವತ್ತು ಮೀಟರಿಗೆ ಐವತ್ತಕ್ಕೂ ಹೆಚ್ಚು ವೋಲ್ಟು ಕರಗಿಹೋಗುತ್ತದೆ. ಸಂಜೆ ಮೊದಲೇ ವೋಲ್ಟೇಜು ಕಡಿಮೆ, ಅದರಲ್ಲಿ ಇದೂ ಹೋದರೆ ಮೋಟರು ಹೂಂಕರಿಸುತ್ತಾ ನಿಲ್ಲುತ್ತದೆ, ವೈರ್ ಕಾದು ಸಿಪ್ಪೆ ಮೆತ್ತಗಾಗುತ್ತದೆ. ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ಮೂರೆಳೆ ವೈರ್ ಹಾಕಿದ ಮೇಲೆ ಆ ತೊಂದರೆ ನಿಂತಿತು. ಪ್ಲಗ್ಗು, ಬೋರ್ಡು 16 ಆಂಪಿನದೇ ಇರಬೇಕು, ಮನೆಯೊಳಗಿನ ಸಣ್ಣ 6 ಆಂಪಿನದು ಇದಕ್ಕಲ್ಲ. ಮೂರೆಳೆಯಲ್ಲಿ ಹಸಿರು, ಅಥವಾ ಹಸಿರು ಹಳದಿ ಪಟ್ಟೆಯದು ಅರ್ಥಿಂಗ್. ಬೇರೆ ಯಾವುದಕ್ಕೂ ಅದನ್ನು ಬಳಸಬಾರದು.

ಸುರುಳಿ ಮಾಡಿದ ವೈರನ್ನು ಪೂರ್ತಿ ಬಿಚ್ಚದೆ ಹತ್ತೇ ಮೀಟರ್ ಎಳೆದುಕೊಂಡು ಓಡಿಸಬೇಡಿ. ಸುರುಳಿಯೊಳಗಿನ ಶಾಖಕ್ಕೆ ಹೊರಗೆ ಬರಲು ದಾರಿ ಇಲ್ಲದೆ ಒಳಗೊಳಗೇ ಅಂಟಿಕೊಂಡು ಸುಡುತ್ತದೆ. ಗಾಡಿ, ಟ್ರ್ಯಾಕ್ಟರು, ದನ ಓಡಾಡುವ ದಾರಿಯಲ್ಲಿ ನೆಲದ ಮೇಲೆ ವೈರ್ ಹಾಯಿಸಬೇಡಿ. ನಾನು ಪೈಪಿನಲ್ಲಿ ತೂರಿಸಿ ಎರಡಡಿ ಆಳಕ್ಕೆ ಹೂಳಿದ್ದೇನೆ, ಪೈಪಿನ ಎರಡೂ ಬಾಯಿಗೆ ಗಾರೆ ಮೆತ್ತಿದ್ದೇನೆ, ಇಲಿ ಬಾಯಿಗೆ ವೈರಿನ ಸಿಪ್ಪೆ ಅಂದರೆ ಶೇಂಗಾ ಇದ್ದಂತೆ.

ಜಾಗ, ಮಳೆ, ಬಣವೆ

ಮಷೀನು ಕೂರಿಸಲು ಮೊಣಕಾಲುದ್ದದ ಕಲ್ಲು ಸಿಮೆಂಟಿನ ಕಟ್ಟೆ ಕಟ್ಟಿ ಬೋಲ್ಟು ಹಾಕಿದೆ. ನೀರು ನಿಲ್ಲದಂತೆ ಸುತ್ತ ಗರಸು ಹರಡಿದೆ. ಮೇಲೆ ತಗಡಿನ ಚಪ್ಪರ. ತಗಡಿಗೆ ವೈರ್ ತಾಗದಂತೆ ನೋಡಿಕೊಳ್ಳಬೇಕು, ಗಾಳಿಗೆ ತಗಡಿನ ಅಂಚು ಉಜ್ಜಿ ಉಜ್ಜಿ ಸಿಪ್ಪೆ ಸೀಳುತ್ತದೆ. ಮೇಲೆ ಲೈನಿನ ತಂತಿ ಹಾದುಹೋಗಿರುವ ಜಾಗದಲ್ಲಿ ಮಷೀನೂ ಬೇಡ, ಬಣವೆಯೂ ಬೇಡ.

ಬೋರ್ಡನ್ನು ಎದೆಮಟ್ಟಕ್ಕೆ, ಮುಚ್ಚಳವಿರುವ ಡಬ್ಬಿಯಲ್ಲಿ, ಸೂರಿನ ಒಳಗೆ ಇಡಿ. ವೈರ್ ಡಬ್ಬಿಗೆ ಮೇಲಿನಿಂದ ಇಳಿಯಬಾರದು. ಡಬ್ಬಿಯಿಂದ ಒಂದು ಗೇಣು ಕೆಳಗೆ ಜೋತುಬಿಟ್ಟು, ಅಲ್ಲಿಂದ ಮೇಲಕ್ಕೆ ಏರಿ ತಳದಿಂದ ಒಳಗೆ ಹೋಗಬೇಕು. ವೈರಿನ ಮೇಲೆ ಹರಿದು ಬಂದ ಮಳೆನೀರು ಆ ಜೋತುಬಿದ್ದ ಕಡೆಯೇ ತೊಟ್ಟಿಕ್ಕುತ್ತದೆ, ಡಬ್ಬಿಗೆ ಹೋಗುವುದಿಲ್ಲ. ಎಷ್ಟು ಸಣ್ಣ ಉಪಾಯ ನೋಡಿ, ಮೂರು ಕಾಸಿನ ಖರ್ಚಿಲ್ಲ.

ಬಣವೆಗೂ ಮಷೀನಿಗೂ ನಡುವೆ ಒಂದು ಜೋಡೆತ್ತಿನ ಗಾಡಿ ತಿರುಗುವಷ್ಟು ಜಾಗ ಬಿಟ್ಟಿದ್ದೇನೆ. ಮೊದಲು ಬಣವೆಗೆ ಒತ್ತಿಕೊಂಡೇ ಇತ್ತು, ಎಳೆದು ಹಾಕಲು ಸಲೀಸು ಅಂತ. ಸಡಿಲ ಪ್ಲಗ್ಗಿನ ಒಂದು ಕಿಡಿ ಸಾಕು, ವರ್ಷದ ಮೇವು ಹೋಗುತ್ತದೆ. ಮೋಟರಿನ ಗಾಳಿ ಕಿಂಡಿಗೆ ಮೇವಿನ ಧೂಳು ಕಟ್ಟಿಕೊಂಡು ಮೋಟರು ಕಾಯುತ್ತದೆ. ವಾರಕ್ಕೊಮ್ಮೆ ಪ್ಲಗ್ಗು ಕಿತ್ತು ಒಣ ಬ್ರಷ್ಷಿನಲ್ಲಿ ಉಜ್ಜಿ. ನೀರು ಹೊಡೆದು ತೊಳೆಯಬೇಡಿ.

ಹೋದ ಕರೆಂಟು ಬಂದಾಗ

ಮೇವು ಸಿಕ್ಕಿಕೊಂಡಾಗ, ಅಥವಾ ಕರೆಂಟು ಹೋದಾಗ, ಸ್ವಿಚ್ಚು ಹಾಗೇ ಬಿಟ್ಟು ಕೈ ಹಾಕುವುದು ನಮ್ಮೆಲ್ಲರ ಚಾಳಿ. ಸಾದಾ ಸ್ವಿಚ್ಚಿನಲ್ಲಿ ಓಡುವ ಮಷೀನು ಕರೆಂಟು ಬಂದ ಕೂಡಲೇ ತಾನೇ ಹೊರಡುತ್ತದೆ. ನಮ್ಮ ಪಕ್ಕದ ಊರಲ್ಲಿ ಒಬ್ಬರ ಬಲಗೈಯಲ್ಲಿ ಈಗ ಹೆಬ್ಬೆರಳು, ಕಿರುಬೆರಳು ಎರಡೇ ಇವೆ. ಪಂಪಿಗೆ ಹಾಕುವಂಥ ಹಸಿರು, ಕೆಂಪು ಗುಂಡಿಯ ಸ್ಟಾರ್ಟರು ಹಾಕಿಸಿ. ಕರೆಂಟು ಹೋದರೆ ಅದರ ಒಳಗಿನ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಒತ್ತುವವರೆಗೆ ಹೊರಡುವುದಿಲ್ಲ. ಆದರೆ ಪಂಪ್‌ಸೆಟ್ಟಿಗೆ ನಾವು ಕೂಡಿಸುವ ಆಟೋ ಸ್ಟಾರ್ಟರನ್ನು, ಅಂದರೆ ಕರೆಂಟು ಬಂದಾಗ ತಾನೇ ಒತ್ತಿಕೊಳ್ಳುವುದನ್ನು, ಚಾಫ್ ಕಟರಿಗೆ ಸತ್ತರೂ ಕೂಡಿಸಬೇಡಿ. ರಾತ್ರಿ ಎರಡು ಗಂಟೆಗೆ ಬಾವಿಗೆ ಹೋಗುವುದು ತಪ್ಪಲಿ ಅಂತ ಮಾಡಿದ ಸಾಧನ ಅದು. ಇಲ್ಲಿ ಬೆರಳು ತೆಗೆಯುವ ಸಾಧನ.

ಸಿಕ್ಕಿಕೊಂಡ ಮೇವು ತೆಗೆಯುವಾಗ ಸ್ವಿಚ್ಚು ಆರಿಸಿ, ಪ್ಲಗ್ಗನ್ನೇ ಕಿತ್ತು ಹೆಗಲ ಮೇಲೆ ಹಾಕಿಕೊಳ್ಳಿ. ಚಕ್ರ ಪೂರ್ತಿ ನಿಂತ ಮೇಲೆ ಕೈ ಹಾಕಿ. ಮೇವು ಒತ್ತುವ ದೋಣಿ ನಿಮ್ಮ ಭುಜದಿಂದ ಬೆರಳ ತುದಿವರೆಗಿನ ಉದ್ದಕ್ಕಿಂತ ಹೆಚ್ಚಿರಬೇಕು, ಆಗ ಮೈಮರೆತರೂ ಕೈ ಅಲಗಿನವರೆಗೆ ಎಟುಕುವುದಿಲ್ಲ. ಸೆರಗು, ಟವೆಲ್ಲು, ಸಡಿಲ ಬಳೆ ಬಿಗಿ ಮಾಡಿಕೊಂಡೇ ನಿಲ್ಲಬೇಕು. ಚಕ್ರಕ್ಕೂ ಬೆಲ್ಟಿಗೂ ಬಂದಿರುವ ತಗಡಿನ ಮುಚ್ಚಳವನ್ನು ಗ್ರೀಸು ಹಾಕಲು ಅಡ್ಡ ಎಂದು ಬಿಚ್ಚಿ ಅಟ್ಟಕ್ಕೆ ಎಸೆದವರಲ್ಲಿ ನಾನೂ ಒಬ್ಬ, ಈಗ ಹುಡುಕಿ ಹಾಕಿದ್ದೇನೆ.

ಯಾರಿಗಾದರೂ ಶಾಕ್ ಹೊಡೆದಿದ್ದರೆ ಅವರನ್ನು ಮುಟ್ಟುವ ಮೊದಲು ಮೈನ್ ಆರಿಸಿ. ಅದು ದೂರ ಇದ್ದರೆ ಒಣ ಬಿದಿರು ಕೋಲಿನಿಂದ ವೈರನ್ನು ಅತ್ತ ತಳ್ಳಿ. ಕಂಬದ ಮೇಲಿನ ಲೈನು ಹರಿದು ಬಿದ್ದಿದ್ದರೆ ಕೋಲನ್ನೂ ನಂಬಬೇಡಿ, ದೂರ ನಿಂತು ಲೈನ್ ಆಫ್ ಮಾಡಿಸಿ. ಉಸಿರಿಲ್ಲದಿದ್ದರೆ 108ಕ್ಕೆ ಒಬ್ಬರು ಫೋನ್ ಮಾಡುವಾಗ ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಎರಡಿಂಚು ತಗ್ಗುವಂತೆ, ಸೆಕೆಂಡಿಗೆ ಎರಡು ಸಲದ ಲೆಕ್ಕದಲ್ಲಿ ಒತ್ತುತ್ತಲೇ ಇರಬೇಕು. ಗಾಡಿ ಬರುವವರೆಗೆ ನಿಲ್ಲಿಸಬಾರದು. ಮಣ್ಣಲ್ಲಿ ಹೂಳುವುದು, ಈರುಳ್ಳಿ ಮೂಸಿಸುವುದು ಇವುಗಳಲ್ಲಿ ಹೊತ್ತು ಕಳೆಯಬೇಡಿ.

ಬೋರ್ಡು, ಅರ್ಥಿಂಗ್, ಆರ್‌ಸಿಸಿಬಿ ಕೂರಿಸುವ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಗುಂಡಿ ತೋಡುವುದು, ನೀರು ಹಾಕುವುದು, ಧೂಳು ಉಜ್ಜುವುದು ನಮ್ಮ ಪಾಲಿನದು. ಅವರು ಬಂದಾಗ "ಅರ್ಥಿಂಗ್ ಎಷ್ಟು ಓಮ್ ಇದೆ, ಅಳೆದು ಹೇಳಿ" ಅಂತ ಬಾಯಿಬಿಟ್ಟು ಕೇಳಿ. ಬಲ್ಬು ಹಚ್ಚಿ ತೋರಿಸಿದರೆ ಒಪ್ಪಬೇಡಿ. ನಮ್ಮದನ್ನು ಯುಗಾದಿ ಕಳೆದ ಮೇಲೆ, ನೆಲ ಚೆನ್ನಾಗಿ ಕಾದಾಗ, ವರ್ಷಕ್ಕೊಮ್ಮೆ ಅಳೆಸುತ್ತೇನೆ. ಹಿಂದಿನ ಸಲ ನೀರು ಹಾಕುವುದು ಎರಡು ವಾರ ತಪ್ಪಿತ್ತು, 9 ಇದ್ದದ್ದು 17ಕ್ಕೆ ಏರಿತ್ತು. ಆರು ಬಿಂದಿಗೆ ಹೊಯ್ದು ಮರುದಿನ ನೋಡಿದಾಗ 11. ಈಗ ಆ ಗುಂಡಿಗೆ ನೀರು ಹಾಕುವ ಪಾಳಿಯನ್ನು ನಮ್ಮನೆಯಾಕೆಯೇ ತೆಗೆದುಕೊಂಡಿದ್ದಾಳೆ, ನನ್ನ ಮೇಲೆ ನಂಬಿಕೆ ಇಲ್ಲ ಅಂತ.